ಹೇಳಬಹುದಾದ ಮೂರು ಕಾಲಂ

ಕಣ್ಣಾಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕಂಪ್ಯೂಟರಕ್ಕ ಎಂದೇ. ಆ ಬೆಳಿಗ್ಗೆ ಕೌಂಟರಿನ ಪ್ರಿಂಟರ್ ಸರಿಮಾಡಲು ಬಂದವಳು, ಗಾಜಿನಾಚೆ ನಿಂತಿದ್ದ ಹೆಂಗಸಿನ ಮಾತು ಕೇಳಿ ಕೈಲಿದ್ದ ಕೆಲಸ ಬಿಟ್ಟಳು.

"ನನ್ನ ಮಗಳು ಹೋದಾಗ ಕಣ್ಣು ಇಲ್ಲೇ ಕೊಟ್ವಪ್ಪ. ಹಾಕಿಸ್ಕೊಂಡೋರಿಗೆ ಕಾಣ್ಸುತ್ತಾ? ಅಷ್ಟು ಹೇಳಿದ್ರೆ ಸಾಕು."

"ಹೇಳೋ ಹಾಗಿಲ್ಲಮ್ಮ," ಎಂದ ಗುಮಾಸ್ತ, ಕಡ್ಡಿ ಮುರಿದಂತೆ.

ಅವನೇನೂ ಕೆಟ್ಟವನಲ್ಲ. ಕಂಪ್ಯೂಟರಿನಲ್ಲಿ ಆ ಮಾಹಿತಿ ತೆರೆದರೆ ದಾನಿಗಳ ಪಟ್ಟಿ, ಅಂದರೆ ಟೇಬಲ್ಲೂ, ರೋಗಿಗಳ ಟೇಬಲ್ಲೂ ಜೋಡಿಯಾಗಿ ಹೆಸರು, ವಿಳಾಸ, ಇರೋಬರೋ ಕಾಯಿಲೆ ಎಲ್ಲ ಒಟ್ಟಿಗೆ ಬಂದು ಬೀಳುತ್ತಿತ್ತು. ರೋಗಿಯ ಗುರುತು ಹೊರಬೀಳಬಾರದಲ್ಲ, ಅದಕ್ಕೇ ದೊಡ್ಡ ಡಾಕ್ಟರು ಕೌಂಟರಿನಲ್ಲಿ ಅದನ್ನು ಮುಚ್ಚಿಸಿಬಿಟ್ಟಿದ್ದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಕಂಪ್ಯೂಟರಕ್ಕ ಸೀದಾ ದೊಡ್ಡ ಡಾಕ್ಟರ ಕೋಣೆಗೆ ನಡೆದಳು.

"ಸರ್, ಎರಡು ಟೇಬಲ್ ಸೇರ್ಸಿದ್ರೆ ಎರಡರದ್ದೂ ಎಲ್ಲಾ ತೋರಿಸ್ಬೇಕು ಅಂತೇನಿಲ್ಲ. ನಾವು ಕೇಳಿದ ಕಾಲಂ ಮಾತ್ರ ಬರೋ ಹಾಗೆ ಮಾಡ್ಬಹುದು. ವಯಸ್ಸು, ಕೆಲಸ, ಈಗಿನ ದೃಷ್ಟಿ ಬಗ್ಗೆ ನೀವು ಬರೆದಿರೋದು. ಅಷ್ಟೇ."

"ಕೆಲಸ ಹೇಳಿದ್ರೆ ಗುರುತು ಸಿಗಲ್ವೇನಮ್ಮಾ?"

"ಊರು ಇರಲ್ಲ ಸರ್. ಪ್ರಪಂಚದಲ್ಲಿ ಡ್ರೈವರ್ ಒಬ್ಬನೇನಾ?"

ಡಾಕ್ಟರು ನಕ್ಕುಬಿಟ್ಟರು. "ಸರಿ. ಮೊದಲು ನನಗೆ ತೋರ್ಸು."

ಹೆಂಗಸಿನಿಂದ ಮಗಳ ಹೆಸರು, ವಯಸ್ಸು ಕೇಳಿ ಬಂದು, ಆ ಮೂರೇ ಕಾಲಂ ತೋರಿಸುವಂತೆ ಕಂಪ್ಯೂಟರಿಗೆ ಆದೇಶ ಬರೆದಳು. ಮೊದಲ ಸಲ ಪರದೆಯ ಮೇಲೆ ಬಂದ ವಯಸ್ಸು ಇಪ್ಪತ್ತೆರಡು. ಅದು ಸತ್ತ ಹುಡುಗಿಯದು! ಎರಡೂ ಟೇಬಲ್ಲಿನಲ್ಲಿ ವಯಸ್ಸು ಎಂಬ ಕಾಲಂ ಇತ್ತು, ಯಾವುದರದ್ದೆಂದು ಸರಿಯಾಗಿ ಹೇಳಿರಲಿಲ್ಲ. ರೋಗಿಯ ವಯಸ್ಸು ಎಂದು ತಿದ್ದಿದಳು. ಡಾಕ್ಟರು ಕನ್ನಡಕ ಏರಿಸಿ ನೋಡಿ ತಲೆಯಾಡಿಸಿದರು.

ಹೆಂಗಸು ಇನ್ನೂ ಬೆಂಚಿನ ಮೇಲೆಯೇ ಕುಳಿತಿದ್ದಳು. ಗುಮಾಸ್ತನೇ ಎದ್ದು ಹೊರಗೆ ಬಂದು ಹೇಳಿದ: "ಇಬ್ಬರಿಗೆ ಹಾಕಿದ್ದಾರಮ್ಮ. ಒಬ್ಬರು ಬಡಗಿ, ಐವತ್ತು ದಾಟಿದೆ. ಚೆನ್ನಾಗಿ ಓದ್ತಾರಂತೆ. ಇನ್ನೊಬ್ಬಾಕೆ ಬಟ್ಟೆ ಹೊಲಿಯೋರು, ಮೂವತ್ತರ ಆಸುಪಾಸು. ಸೂಜಿಗೆ ದಾರ ತಾವೇ ಪೋಣಿಸ್ತಾರಂತೆ."

ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದುಕೊಂಡರೆ, ನಗುತ್ತಿದ್ದಳು.

"ಅಯ್ಯೋ, ನನ್ನ ಮಗಳಿಗೆ ಸೂಜಿ ಕಂಡ್ರೇ ಆಗ್ತಿರ್ಲಿಲ್ಲ! ಗುಂಡಿ ಕಿತ್ತೋದ್ರೂ ನನ್ನ ಮುಂದೆ ತಂದು ಬಿಸಾಕೋಳು. ಈಗ ನೋಡು, ದಿನವಿಡೀ ಅದನ್ನೇ ನೋಡ್ತಾ ಕೂತಿರ್ಬೇಕು!"

ಕಂಪ್ಯೂಟರಕ್ಕನಿಗೂ ನಗು ಬಂತು, ಕಣ್ಣೂ ತುಂಬಿತು. ಹೆಂಗಸು ಹೊರಡಲು ಎದ್ದಳು.

"ಇನ್ನೊಂದ್ಸಲ ಬಂದು ಕೇಳ್ಬಹುದಾ ತಾಯಿ?"

"ಯಾವಾಗ ಬೇಕಾದ್ರೂ ಬನ್ನಿ," ಎಂದಳು ಕಂಪ್ಯೂಟರಕ್ಕ. ಗುಮಾಸ್ತ ಆಗಲೇ ಫೋನು ಹಿಡಿದಿದ್ದ. ಹಿಂದೆ ಇದೇ ಪ್ರಶ್ನೆ ಕೇಳಿ ಬರಿಗೈಲಿ ಮರಳಿದ್ದ ಒಬ್ಬ ತಂದೆಗೆ ಕರೆ ಹೋಗುತ್ತಿತ್ತು.