ಸಕ್ಕರೆಯ ಹದಿನೇಳು ಮೆಟ್ಟಿಲು

ಅಂತ್ಯಕ್ರಿಯೆ ಮುಗಿದ ನಾಲ್ಕನೆಯ ದಿನ, ಸೋಮವಾರ, ಅತ್ತೆ ಎಂದಿನಂತೆ ಐದೂವರೆಗೆ ಎದ್ದು ಓವನ್ ಹಚ್ಚಿದರು. ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಹಾಲಿನವನು ಮೂರು ಪ್ಯಾಕೆಟ್ಟಿನ ಬದಲು ಎರಡು ಇಟ್ಟು ಹೋಗಿದ್ದ. ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ.

ನಮ್ಮದು ಕೇಕ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಓವನ್ ಮನೆ, ಅದರ ಪಕ್ಕ ಅಲಂಕಾರದ ಕೋಣೆ, ಮೇಲೆ ಮನೆ. ಕೇಕ್ ಬೇಯಿಸುವುದು ಅತ್ತೆ. ಅದರ ಮೇಲೆ ಸಕ್ಕರೆ ಹಿಟ್ಟಿನ ಹೂವು, ಹಕ್ಕಿ, ಗೋಪುರ ಕೂರಿಸುತ್ತಿದ್ದುದು ನನ್ನ ಗಂಡ. ನಾನು ರಸಾಯನಶಾಸ್ತ್ರ ಓದಿದವಳು, ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಅಂಗಡಿಯಲ್ಲಿ ನನ್ನ ಪಾಲಿನದು ಡಬ್ಬ ಕಟ್ಟುವುದಷ್ಟೆ. ಲ್ಯಾಬಿಗೆ ಎರಡು ವಾರ ರಜೆ ಹಾಕಿದ್ದೆ.

ಅಲಂಕಾರದ ಕೋಣೆಯ ಬಾಗಿಲು ತೆರೆದೆ. ಮೇಜಿನ ಮೇಲೆ ಸ್ಪಂಜಿನ ಹಾಸು. ಅದರ ಮೇಲೆ ಬೀಸಣಿಗೆಯ ಆಕಾರದ ಏಳು ಬಿಳಿ ಹಲಗೆಗಳು, ಒಂದೊಂದೂ ಅಂಗೈಯಷ್ಟು. ಪಕ್ಕದಲ್ಲಿ ಮೊಳದುದ್ದದ ಒಂದು ಬಿಳಿ ಕಂಬ. ಎಲ್ಲ ಸಕ್ಕರೆ. ಹೃದಯ ನಿಂತುಹೋದ ದಿನ ಬೆಳಿಗ್ಗೆಯೂ ಅವನು ಆ ಹಲಗೆಗಳನ್ನು ಒಂದು ಸಲ ಮಗುಚಿಟ್ಟಿದ್ದ. ಅದಕ್ಕೇ ಎರಡೂ ಮೈ ಸಮನಾಗಿ ಒಣಗಿ, ಒಂದೂ ಸೊಟ್ಟಗಾಗಿರಲಿಲ್ಲ.

ಹತ್ತು ಗಂಟೆಗೆ ಮೆಟ್ಟಿಲು ಮೇಸ್ತ್ರಿಯ ಮಗಳು ಬಂದಳು. ಊರಿನ ಅರ್ಧ ಮನೆಗಳಿಗೆ ಮರದ ಮೆಟ್ಟಿಲು ಮಾಡಿಕೊಟ್ಟ ಬಡಗಿಗೆ ಆ ಹೆಸರೇ ನಿಂತುಹೋಗಿತ್ತು. ಐವತ್ತು ವರ್ಷದ ಕೆಲಸ ಸಾಕು ಎಂದು ಅವರು ಭಾನುವಾರ ಉಳಿ ಕೆಳಗಿಡುವವರಿದ್ದರು. ಅಪ್ಪನಿಗೆಂದು ಮಗಳು ಕೇಳಿದ್ದು ಸುರುಳಿ ಮೆಟ್ಟಿಲಿನ ಕೇಕು. ನಡುವೆ ಕಂಬ, ಸುತ್ತ ಹದಿನೇಳು ಮೆಟ್ಟಿಲು, ಕೆಳಗೆ ಯಾವ ಆಸರೆಯೂ ಇರಬಾರದು.

"ಅಮ್ಮಾ, ಮೆಟ್ಟಿಲು ಗಿಟ್ಟಿಲು ಏನೂ ಬೇಡ," ಎಂದಳು ಅವಳು ಅತ್ತೆಗೆ. "ಸಾದಾ ಕೇಕ್ ಕೊಡಿ ಸಾಕು. ಇಂಥ ಹೊತ್ತಲ್ಲಿ ನಿಮ್ಮನ್ನ ಕಾಡೋಕೆ ನನಗೆ ಮನಸ್ಸಿಲ್ಲ."

ಅತ್ತೆ ತಲೆಯಾಡಿಸಲು ಹೊರಟಿದ್ದರು.

"ಮೆಟ್ಟಿಲಿನ ಕೇಕೇ ಕೊಡ್ತೀವಿ," ಎಂದೆ ನಾನು. ಆ ವಾರದಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದೇ ಇರಬೇಕು. "ಅವನು ಒಪ್ಪಿಕೊಂಡಿದ್ದ."

ಅವಳು ಹೋದ ಮೇಲೆ ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತರು.

"ಕೊಡ್ತೀವಿ ಅಂದ್ಯಲ್ಲ, ಮಾಡೋರು ಯಾರೇ? ನೀನು ಮೊಟ್ಟೆ ಒಡೆದರೆ ನಾನು ಸಿಪ್ಪೆ ಆರಿಸ್ತಾ ಕೂರಬೇಕು."

"ಇದಕ್ಕೆ ಮೊಟ್ಟೆ ಬೇಡ ಅತ್ತೆ."

"ನನ್ನ ಮಗನ ಕೈ ಬೇಕು. ಅದನ್ನ ಎಲ್ಲಿಂದ ತರ್ತೀಯಾ?" ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದರು. "ಈ ಅಂಗಡಿಯಿಂದ ಸೊಟ್ಟ ಸಾಮಾನು ಯಾವತ್ತೂ ಆಚೆ ಹೋಗಿಲ್ಲ. ಶುಕ್ರವಾರದೊಳಗೆ ನನ್ನ ಕಣ್ಣಿಗೆ ಸರಿ ಕಾಣದಿದ್ದರೆ ಸಾದಾ ಕೇಕು, ಅವನ ಕೋಣೆಗೆ ಬೀಗ. ಅವನ ಹೆಸರು ಕೆಡೋದಕ್ಕೆ ನಾನು ಬಿಡಲ್ಲ."

ಅಲ್ಲಿಗೆ ಮಾತು ಇತ್ಯರ್ಥವಾಯಿತು.

ಸಕ್ಕರೆ ಹಿಟ್ಟು ತಾನಾಗಿ ನಿಲ್ಲುವುದಿಲ್ಲ. ಅದಕ್ಕೆ ಸಿಎಂಸಿ ಪುಡಿ ಬೆರೆಸಬೇಕು. ಅತ್ತೆ ಅದಕ್ಕೆ ಗಟ್ಟಿ ಪುಡಿ ಅನ್ನುತ್ತಾರೆ. ಹಿಟ್ಟಿಗೆ ಬೆರೆಸಿದರೆ ಗಟ್ಟಿಯಾಗುತ್ತದೆ, ನೀರಿಗೆ ಬೆರೆಸಿದರೆ ತಿನ್ನಬಹುದಾದ ಅಂಟಾಗುತ್ತದೆ. ಅದರ ಉದ್ದನೆಯ ಹೆಸರು, ಅದು ನೀರನ್ನು ಹೇಗೆ ಹಿಡಿಯುತ್ತದೆ ಎಂಬುದು, ಎಲ್ಲವೂ ನನಗೆ ಗೊತ್ತಿತ್ತು. ಎಷ್ಟು ಹಾಕಬೇಕು ಎಂಬುದೊಂದು ಗೊತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಕೈ ಅಳತೆ," ಎಂದಿದ್ದ. ತೂಗದೆ ಮಾಡುವುದು ಕೆಲಸವಲ್ಲ, ಊಹೆ ಎಂದು ನಾನು ನಕ್ಕಿದ್ದೆ. ಅವನೂ ನಕ್ಕಿದ್ದ. ಅತ್ತೆ ಮಾತ್ರ ನಕ್ಕಿರಲಿಲ್ಲ. ಮಗನ ಕೈಯೇ ತಕ್ಕಡಿ ಎಂದು ಅವರು ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಸೋಮವಾರ ಚಮಚೆಯಲ್ಲಿ ಅಂದಾಜು ಹಾಕಿ ನಾದಿದೆ. ಲಟ್ಟಿಸುವಾಗಲೇ ಅಂಚುಗಳು ಒಣಗಿದ ಕೆರೆಯಂತೆ ಬಿರಿದವು. ಪುಡಿ ಹೆಚ್ಚಾಗಿತ್ತು. ಮತ್ತೆ ಕಡಿಮೆ ಹಾಕಿ ಮಾಡಿದೆ. ಮಂಗಳವಾರ ಬೆಳಿಗ್ಗೆ ಎತ್ತಿ ಹಿಡಿದರೆ ಹಲಗೆ ಒದ್ದೆ ಕಾಗದದ ಹಾಗೆ ಬಾಗಿತು.

ಬುಧವಾರ, ಅವನು ಮಾಡಿಟ್ಟವಾದರೂ ಒಣಗಿವೆಯಲ್ಲ, ಅಂಟಿಸಿ ನೋಡೋಣ ಎಂದು ಕೂತೆ. ಮೊದಲ ಎರಡು ಮೆಟ್ಟಿಲು ಕಂಬಕ್ಕೆ ಹಿಡಿದುಕೊಂಡವು. ಮೂರನೆಯದಕ್ಕೆ, ಭದ್ರವಾಗಲಿ ಎಂದು, ಅಂಟನ್ನು ಧಾರಾಳವಾಗಿ ಬಳಿದೆ. ಅದು ನನ್ನ ಕಣ್ಣೆದುರೇ ನಿಧಾನವಾಗಿ ಜಾರಿತು. ಹಿಡಿಯಲು ಹೋದರೆ ಪಕ್ಕದ್ದೂ ಬೀಳುತ್ತಿತ್ತು. ಮೇಜಿನ ಅಂಚಿಗೆ ಬಡಿದು ನೆಲಕ್ಕೆ ಬಿತ್ತು.

ಸದ್ದಿಗೆ ಅತ್ತೆ ಬಂದರು. ನೆಲದ ಮೇಲೆ ನಾಲ್ಕು ಚೂರು. ನಾನು ಎದ್ದು ನಿಂತೆ. ಅವನು ಮಾಡಿಟ್ಟಿದ್ದೇ ಏಳು.

ಅತ್ತೆ ಬಗ್ಗಿ ಒಂದು ಚೂರು ಎತ್ತಿಕೊಂಡರು. ಸೆರಗಿಗೆ ಒರೆಸಿ ಬಾಯಿಗೆ ಹಾಕಿಕೊಂಡರು. ಕಟುಂ ಎಂದು ಕಡಿದರು.

"ವೆನಿಲ್ಲಾ ಕಡಿಮೆ ಹಾಕಿದ್ದಾನೆ," ಎಂದರು. "ಹೇಳಿ ಹೇಳಿ ಸಾಕಾಗಿತ್ತು ನನಗೆ."

ಅಗಿಯುತ್ತಲೇ ಓವನ್ ಮನೆಗೆ ಹೋದರು. ಬಹಳ ಹೊತ್ತು ಪಾತ್ರೆ ಉಜ್ಜುವ ಸದ್ದು ಬರುತ್ತಿತ್ತು.

ಮಧ್ಯಾಹ್ನ ಬೀದಿ ತುದಿಯ ಅಕ್ಕಸಾಲಿಗರು ಬಂದರು. ಬ್ರೆಡ್ಡು ಕೇಳಿದರು. ಕೊಟ್ಟೆ. ಹೋಗಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಕ್ಕಾ," ಎಂದರು ಅತ್ತೆಗೆ, "ಈಗ ಇದನ್ನ ಕೇಳೋದು ತಪ್ಪು. ಆದ್ರೂ ಕೇಳ್ತೀನಿ. ನನ್ನ ಚಿಕ್ಕ ತಕ್ಕಡಿ ನಿಮ್ಮಲ್ಲಿದೆ."

"ನಿಮ್ಮ ತಕ್ಕಡಿ ನಮ್ಮಲ್ಲಿ ಯಾಕಿರುತ್ತೆ?"

"ನಿಮ್ಮ ಮಗ ತಗೊಂಡು ಬಂದಿದ್ದ. ಹೋದ ತಿಂಗಳು. ಎರಡು ದಿನಕ್ಕೆ ಅಂತ."

"ನನ್ನ ಮಗನಾ? ತಕ್ಕಡಿನಾ?" ಅತ್ತೆಯ ದನಿ ಏರಿತು. "ನೋಡಿ ಅಣ್ಣಾ, ನೀವು ಇನ್ಯಾರಿಗೋ ಕೊಟ್ಟು ಮರೆತಿದ್ದೀರಿ. ಚಿಕ್ಕವನಿದ್ದಾಗಿಂದ ಅವನು ಏನನ್ನೂ ತೂಗಿದವನಲ್ಲ."

ಅಕ್ಕಸಾಲಿಗರು ನನ್ನ ಕಡೆ ನೋಡಿದರು. ನಾನು ಅಲಂಕಾರದ ಕೋಣೆಗೆ ಹೋಗಿ ಕಪಾಟಿನ ಮೇಲಿನ ಅರೆಯಲ್ಲಿ ಕೈಯಾಡಿಸಿದೆ. ಐಸಿಂಗ್ ಹಾಕುವ ಮೂತಿಗಳ ಡಬ್ಬದ ಹಿಂದೆ ಅಂಗೈಯಗಲದ ಒಂದು ಪೆಟ್ಟಿಗೆ ಇತ್ತು. ಚಿನ್ನ ತೂಗುವ ತಕ್ಕಡಿ, ಗ್ರಾಮಿನ ನೂರರಲ್ಲೊಂದು ಪಾಲನ್ನೂ ತೋರಿಸುವಂಥದ್ದು. ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ ಅವನ ಅಕ್ಷರ.

ನೂರು ಗ್ರಾಂ ಹಿಟ್ಟಿಗೆ ಪುಡಿ ಎರಡು. ತೇವದ ದಿನ ಎರಡೂವರೆ. ನಾದಿ ಒಂದು ರಾತ್ರಿ ಬಿಡುವುದು. ಅಂಟಿಗೆ ನಲವತ್ತು ಗ್ರಾಂ ನೀರು, ಪುಡಿ ಒಂದು. ಗಂಟು ಕಟ್ಟಿದರೆ ಕಲಕಬಾರದು, ಬೆಳಿಗ್ಗೆಗೆ ತಾನೇ ಕರಗುತ್ತದೆ. ತೆಳ್ಳಗೆ ಹಚ್ಚಿ ಐವತ್ತು ಎಣಿಸಿ ಒತ್ತುವುದು.

ಕೆಳಗೆ ಹನ್ನೊಂದು ದಿನದ ಪಟ್ಟಿ. ದಿನ, ಪುಡಿ, ಹವೆ, ಫಲ. ಒಂಬತ್ತು ಕಡೆ "ಮುರಿಯಿತು" ಎಂದಿತ್ತು. ಹತ್ತನೆಯದರಲ್ಲಿ "ಬಾಗಿತು". ಹನ್ನೊಂದರಲ್ಲಿ "ನಿಂತಿತು". ಸೋತದ್ದನ್ನೂ ಬಿಡದೆ ಬರೆದಿದ್ದ. ನಮ್ಮ ಲ್ಯಾಬಿನಲ್ಲಿ ಇಷ್ಟು ಚೊಕ್ಕವಾಗಿ ಬರೆದಿಡುವವರು ಇಬ್ಬರಿಲ್ಲ.

"ಆಸರೆಯಿಲ್ಲದ ಮೆಟ್ಟಿಲು ಕೈ ಅಳತೆಗೆ ನಿಲ್ತಿಲ್ಲ ಅಂದ," ಎಂದರು ಅಕ್ಕಸಾಲಿಗರು. "ಹೆಂಡತಿ ಲ್ಯಾಬಿನವಳಲ್ಲವೇನೋ, ಅವಳನ್ನೇ ಕೇಳು ಅಂದೆ. 'ಅವಳು ಹೇಳಿದ್ದೇ ಸರಿ ಅಂತ ಒಪ್ಪಿಕೊಂಡರೆ ವರ್ಷವೆಲ್ಲ ಕುಣೀತಾಳೆ, ಮೊದಲು ನಿಲ್ಲಿಸಿ ಆಮೇಲೆ ಹೇಳ್ತೀನಿ' ಅಂದ."

ನಾನು ಚೀಟಿಯನ್ನು ಇನ್ನೊಮ್ಮೆ ಓದಿದೆ. ಅಳು ಬಂದಿತೆಂದು ಹೇಳಲಾರೆ. ಒಳ್ಳೆಯ ಉತ್ತರ ಪತ್ರಿಕೆಯೊಂದು ಕೈಗೆ ಬಂದಾಗ ಆಗುವ ಹಾಗೆ ಆಯಿತು. ನನಗೆ ಒಂದು ಮಾತು ಹೇಳದೆ, ನಾನು ಹೇಳಿದ ಹಾಗೆಯೇ ಮಾಡಿದ್ದ.

ಅತ್ತೆ ಕೈ ಚಾಚಿದರು. ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದರು.

"ಒಂಬತ್ತು ಸಲ ಮುರೀತಾ?" ಎಂದರು. "ನನಗೆ ಒಂದು ಚೂರೂ ಕಾಣಿಸಿಲ್ಲ. ತಿಂದುಬಿಟ್ಟಿದ್ದಾನೆ ಕಳ್ಳ." ಆಮೇಲೆ ಅಕ್ಕಸಾಲಿಗರತ್ತ ತಿರುಗಿ, "ಇದು ಬೀದಿಗೆಲ್ಲ ಗೊತ್ತಾ?" ಎಂದರು.

"ನನ್ನ ಬಾಯಿಂದ ಹೊರಬಿದ್ದಿಲ್ಲ ಅಕ್ಕಾ."

"ಹೊರಬೀಳಲಿ ಬಿಡಿ. ತೂಗಿ ಮಾಡ್ತಿದ್ದ ಅಂತಾನೇ ಹೇಳಿ. ಹನ್ನೊಂದು ಸಲ."

ನಾನು ಅಕ್ಕಸಾಲಿಗರನ್ನು ಕೇಳಿಕೊಂಡೆ. "ಭಾನುವಾರದವರೆಗೆ ತಕ್ಕಡಿ ನನಗೆ ಬೇಕಿತ್ತು."

"ನನಗೆ ದೊಡ್ಡದೊಂದಿದೆ. ಮೂಗುತಿ ಕೆಲಸಕ್ಕೆ ಮಾತ್ರ ಇದು ಬೇಕು. ಮೂಗುಗಳು ನಾಲ್ಕು ದಿನ ಕಾಯ್ತವೆ," ಎಂದು ಅವರು ಬ್ರೆಡ್ಡನ್ನು ಅಲ್ಲೇ ಮರೆತು ಹೋದರು.

ಅಂದು ಸಂಜೆ ತೂಗಿದೆ. ಮೋಡವಿತ್ತು, ಹಾಗಾಗಿ ಎರಡೂವರೆ. ಹಿಟ್ಟು ನಾದಿ ಕವರಿನಲ್ಲಿ ಸುತ್ತಿಟ್ಟೆ. ಅಂಟಿನ ಬಾಟಲಿಯಲ್ಲಿ ಬಿಳಿ ಗಂಟುಗಳು ತೇಲುತ್ತಿದ್ದವು. ಕಲಕಲು ಕೈ ತುರಿಸುತ್ತಿತ್ತು. ಕಲಕಲಿಲ್ಲ. ಗುರುವಾರ ಬೆಳಿಗ್ಗೆ ನೋಡಿದರೆ ಬಾಟಲಿಯಲ್ಲಿ ಒಂದೂ ಗಂಟಿರಲಿಲ್ಲ, ಅಂಟು ಗಾಜಿನಷ್ಟು ತಿಳಿಯಾಗಿತ್ತು.

ಹಿಟ್ಟು ಬಿರಿಯಲಿಲ್ಲ. ಹನ್ನೊಂದು ಹಲಗೆ ಕತ್ತರಿಸಿ ಸ್ಪಂಜಿನ ಮೇಲೆ ಹರಡಿದೆ. ಸಂಜೆ ಮಗುಚಿದೆ. ಶುಕ್ರವಾರ ಬೆಳಿಗ್ಗೆ ಮತ್ತೆ ಮಗುಚಿದೆ. ಮಧ್ಯಾಹ್ನ ಅತ್ತೆ ಬಂದು ಒಂದೊಂದನ್ನೂ ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳಿದರು. ಪಿಂಗಾಣಿ ತಟ್ಟೆಯ ಸದ್ದು ಬಂತು. ಕೊನೆಯದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕೇಕಿಗೆ ಎಷ್ಟು ಮೊಟ್ಟೆ ಬೇಕಾಗುತ್ತೆ ನೋಡ್ತೀನಿ," ಎಂದು ಹೊರಟರು. ಬೀಗದ ಮಾತು ಎತ್ತಲಿಲ್ಲ.

ಶನಿವಾರವೆಲ್ಲ ಅಂಟಿಸಿದೆವು. ನಾನು ಕುಂಚದಲ್ಲಿ ತೆಳ್ಳಗೆ ಹಚ್ಚುವುದು, ಅತ್ತೆ ಗಟ್ಟಿಯಾಗಿ ಐವತ್ತು ಎಣಿಸುವುದು, ನಾನು ಒತ್ತಿ ಹಿಡಿಯುವುದು. ಪ್ರತಿ ಮೆಟ್ಟಿಲಿನ ಕೆಳಗೂ, ಒಣಗುವವರೆಗೆ, ಮಡಿಸಿದ ರಟ್ಟಿನ ಊರುಗೋಲು. ಒಮ್ಮೆ ಅತ್ತೆ ನಲವತ್ತಮೂರಕ್ಕೇ ನಿಲ್ಲಿಸಿ ಕಿಟಕಿಯಾಚೆ ನೋಡತೊಡಗಿದರು. ಉಳಿದ ಏಳನ್ನು ನಾನು ಎಣಿಸಿದೆ.

ಕೆಳಗಿನ ಆರು ಅವನದು. ಮೇಲಿನ ಹನ್ನೊಂದು ನನ್ನದು. ಭಾನುವಾರ ಬೆಳಿಗ್ಗೆ ರಟ್ಟುಗಳನ್ನು ಒಂದೊಂದಾಗಿ ಎಳೆದೆ. ಹದಿನೇಳನೆಯದನ್ನು ಎಳೆಯುವಾಗ ಅತ್ತೆ ಕಣ್ಣು ಮುಚ್ಚಿಕೊಂಡರು.

"ಬಿತ್ತಾ?"

"ಇಲ್ಲ."

"ಈಗ?"

"ಇಲ್ಲ ಅತ್ತೆ. ಕಣ್ಣು ಬಿಡಿ."

ಮೆಟ್ಟಿಲು ಮೇಸ್ತ್ರಿಯ ಕಾರ್ಖಾನೆಯಲ್ಲಿ ಮರದ ಹೊಟ್ಟು ಗುಡಿಸಿ ಕುರ್ಚಿ ಹಾಕಿದ್ದರು. ಕೇಕನ್ನು ಅವರ ಕೆಲಸದ ಮೇಜಿನ ಮೇಲೇ ಇಳಿಸಿದೆವು. ಮೇಸ್ತ್ರಿ ಬಂದು ಸುತ್ತ ನಡೆದರು. ಕುಕ್ಕರುಗಾಲಲ್ಲಿ ಕೂತು ಕೆಳಗಿನಿಂದ ನೋಡಿದರು. ಮೇಲಿನ ಮೆಟ್ಟಿಲನ್ನು ಕಿರುಬೆರಳಿನಿಂದ ಒತ್ತಿದರು. ಅದು ಅಲುಗಲಿಲ್ಲ.

"ಕೆಳಗಿನ ಆರು ಒಬ್ಬರದು, ಮೇಲಿನದು ಇನ್ನೊಬ್ಬರದು," ಎಂದರು. "ಅಂಚು ಉಜ್ಜಿರೋದರಲ್ಲಿ ಗೊತ್ತಾಗುತ್ತೆ. ಆದ್ರೆ ಮಟ್ಟ ಎಲ್ಲೂ ತಪ್ಪಿಲ್ಲ. ಮೊಳೆ ಎಲ್ಲಿದೆ?"

"ಮೊಳೆ ಇಲ್ಲ. ಅಂಟು ಅಷ್ಟೇ," ಎಂದೆ. "ಹಿಟ್ಟಿಗೂ ಅಂಟಿಗೂ ಹಾಕೋದು ಒಂದೇ ಪುಡಿ. ಮರದ ನಾರಿನಿಂದ ತೆಗೀತಾರೆ."

"ಮರದ್ದಾ?" ಅವರ ಮುಖ ಅರಳಿತು. "ಹಾಗೆ ಹೇಳು. ಅದಕ್ಕೇ ನಿಂತಿದೆ."

ಮಗಳು ಚಾಕು ತಂದಳು. ಅವರು ಅಡ್ಡ ನಿಂತರು.

"ಅಪ್ಪಾ, ಅದು ತಿನ್ನೋದಕ್ಕೆ!"

"ಕೆಳಗಿನ ಕೇಕ್ ಎಷ್ಟು ಬೇಕಾದ್ರೂ ತಿನ್ನಿ. ಮೆಟ್ಟಿಲಿಗೆ ಕೈ ಹಾಕಿದವರ ಬೆರಳು ಲೆಕ್ಕ ಹಾಕ್ಕೊಳ್ಳಿ."

ಎಲ್ಲರೂ ನಕ್ಕರು. ಯಾರೋ ಹಿಂದಿನಿಂದ, ಯಾರು ಮಾಡಿದ್ದು ಇದನ್ನ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಮುಂದೆ ಬಂದಿದ್ದರು.

"ಆರು ನನ್ನ ಮಗ. ಹನ್ನೊಂದು ನನ್ನ ಸೊಸೆ. ತೂಗಿ ಮಾಡಿರೋದು, ಅಂದಾಜಲ್ಲ," ಎಂದರು. ಆ ದನಿ ರಸ್ತೆಗೂ ಕೇಳಿಸಿರಬೇಕು.

ಸೋಮವಾರ ತಕ್ಕಡಿಯನ್ನು ಒರೆಸಿದೆ. ಚೀಟಿ ಮುಚ್ಚಳಕ್ಕೆ ಬಲವಾಗಿ ಕೂತಿತ್ತು. ಅದೇ ಅಂಟಿನಿಂದ ಅಂಟಿಸಿದ್ದ. ಒದ್ದೆ ಬಟ್ಟೆಯನ್ನು ಅಂಚಿಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಚೀಟಿ ಹರಿಯದೆ ಎದ್ದು ಬಂತು. ಒಣಗಲೆಂದು ಸ್ಪಂಜಿನ ಮೇಲೆ ಹಾಕಿ ಬೀದಿ ತುದಿಗೆ ನಡೆದೆ.

ಅಕ್ಕಸಾಲಿಗರು ಕೆಲಸದ ದೀಪದ ಕೆಳಗೆ ಬಗ್ಗಿ ಕೂತಿದ್ದರು.

"ತಡವಾಯ್ತು," ಎಂದೆ. "ಎರಡು ದಿನದಲ್ಲಿ ವಾಪಸ್ ಕೊಡ್ತೀನಿ ಅಂದಿದ್ದನಂತೆ."

"ಅವನು ಅಂದಿದ್ದು ಹಾಗೆ. ನಾನು ನಂಬಿರಲಿಲ್ಲ. ಇನ್ನು ನಿಮಗೆ?"

"ಹೊಸದೊಂದಕ್ಕೆ ಹೇಳಿದ್ದೀನಿ. ಲ್ಯಾಬಿಗೆ ಸಾಮಾನು ಕೊಡೋರೇ ತಂದುಕೊಡ್ತಾರೆ."

ಅವರು ತಕ್ಕಡಿಯನ್ನು ಗಾಜಿನ ಮೇಲಿಟ್ಟು, ಚಿಮಟದಲ್ಲಿ ಒಂದು ಗ್ರಾಮಿನ ತೂಕದ ಬೊಟ್ಟನ್ನು ಎತ್ತಿ ತಟ್ಟೆಗೆ ಇಳಿಸಿದರು. ಅಂಕಿ ಒಂದು ಕ್ಷಣ ಹೊಯ್ದಾಡಿ ಒಂದಕ್ಕೆ ನಿಂತಿತು. ಅವರು ಬೊಟ್ಟನ್ನು ತೆಗೆದರು. ಸೊನ್ನೆ.

"ಸರಿಯಾಗಿದೆ," ಎಂದು ಮುಚ್ಚಳ ಹಾಕಿದರು.