ಎರವಲು ಕೊಟ್ಟ ವಿಮಾನ
ಇಂಗ್ಲೆಂಡಿನ ಪೂರ್ವ ಕರಾವಳಿಯ ಅಮೆರಿಕನ್ ವಾಯುನೆಲೆಯಲ್ಲಿ ಮೆಕ್ಯಾನಿಕ್ ಸಾರ್ಜೆಂಟ್ ಓರ್ವಿಲ್ ಟೆಗಾರ್ಡನ್‌ನದು ಒಂದೇ ಹಟ: ಥಂಡರ್‌ಬೋಲ್ಟ್ ಯುದ್ಧವಿಮಾನ ತನ್ನದು, ಪೈಲಟ್ ಲೆಫ್ಟಿನೆಂಟ್ ಕಿನ್ಸೆಲ್ಲಾ ಅದನ್ನು ದಿನಾ ಎರವಲು ಒಯ್ಯುತ್ತಾನೆ, ಅಷ್ಟೆ.

೧೯೪೪ರ ಒಂದು ಮಧ್ಯಾಹ್ನ, ಜರ್ಮನಿಯತ್ತ ಹೋಗಿದ್ದ ಹದಿನಾರು ವಿಮಾನಗಳಲ್ಲಿ ಹದಿನೈದು ಮರಳಿದವು. ಉಳಿದ ಮೆಕ್ಯಾನಿಕ್‌ಗಳೆಲ್ಲ ಊಟಕ್ಕೆ ಹೋದರು. ಓರ್ವಿಲ್ ಮಾತ್ರ ರನ್‌ವೇ ಅಂಚಿನಲ್ಲಿ ಕತ್ತು ಚಾಚಿ ನಿಂತ. ಜೊತೆಯವನೊಬ್ಬ ಕರೆದಾಗ, "ವಿಮಾನಕ್ಕೆ ಕಾಯ್ತಿದೀನಿ ಕಣೋ, ಆ ಮನುಷ್ಯನಿಗಲ್ಲ" ಎಂದ.

ಮುಕ್ಕಾಲು ಗಂಟೆಯ ಮೇಲೆ ಅದು ಕೆಮ್ಮುತ್ತಾ ಬಂದು ಇಳಿಯಿತು. ಎಂಜಿನ್ನಿನ ಎರಡು ಸಿಲಿಂಡರ್ ಗುಂಡೇಟಿಗೆ ಹಾರಿಹೋಗಿದ್ದವು. ಮೂತಿಯಿಂದ ಬಾಲದವರೆಗೆ ಎಣ್ಣೆಯೋ ಎಣ್ಣೆ.

ಓರ್ವಿಲ್ ರೆಕ್ಕೆಯೇರಿದ. "ಬೆಳಿಗ್ಗೆ ಥಳಥಳ ಅನ್ನೋ ಹಾಗೆ ಒರೆಸಿ ಕೊಟ್ಟಿದ್ನಲ್ಲ ಸಾಹೇಬ್ರೇ! ಹೀಗಾ ವಾಪಸ್ ತರೋದು?"

"ತಪ್ಪಾಯ್ತು ಸಾರ್ಜೆಂಟ್ರೇ. ಇದು ನಿಮ್ದು ಅಂತ ಜರ್ಮನ್ನರಿಗೆ ಗೊತ್ತಿರ್ಲಿಲ್ಲ."

"ಬಾಯಿ ಇರ್ಲಿಲ್ವಾ ನಿಮಗೆ, ಹೇಳೋಕೆ?"

ಕಿನ್ಸೆಲ್ಲಾ ನಕ್ಕ. ಆದರೆ ಮೂರು ಸಲ ಎಳೆದರೂ ಬೆಲ್ಟಿನ ಕೊಂಡಿ ಬಿಚ್ಚಲು ಅವನಿಂದಾಗಲಿಲ್ಲ. ಓರ್ವಿಲ್ ತಾನೇ ಬಗ್ಗಿ ಬಿಚ್ಚಿದ. ಕಂಕುಳಿಗೆ ಕೈಕೊಟ್ಟು ಮೆಲ್ಲಗೆ ಇಳಿಸಿದ. ನೆಲ ಮುಟ್ಟಿದ ಮೇಲೂ ಆ ತೋಳು ಬಿಡಲಿಲ್ಲ.

ಹೊಸ ಎಂಜಿನ್ ಕೂರಿಸಲು ಎರಡು ದಿನ ಹಿಡಿಯಿತು. ಎರಡು ದಿನವೂ ಕಿನ್ಸೆಲ್ಲಾ ಹಳೇ ಬಟ್ಟೆ ಹಿಡಿದು ಎಣ್ಣೆ ಉಜ್ಜಿದ. ಓರ್ವಿಲ್ ಕಾಫಿ ಕುಡಿಯುತ್ತಾ ಬೆರಳು ತೋರಿಸುತ್ತಿದ್ದ: "ಅಗೋ, ಅಲ್ಲಿ ಬಿಟ್ಟಿದೀರಿ. ಇನ್ನೊಂದ್ಸಲ ಉಜ್ಜಿ, ಸಾಹೇಬ್ರೇ."