ಬಾಡಿಗೆ ಮನೆಯ ಕೊನೆಯ ಸ್ನಾನ

ಗೇಟಿನ ಬೀಗಕ್ಕೆ ತುಂಗಾ ಎರಡನೇ ಏಟು ಹಾಕುವಾಗ ಆಂಬುಲೆನ್ಸಿನ ಡ್ರೈವರ್ ಎಂಜಿನ್ ಆರಿಸಿದ. ಅವಳ ಕೈಯಲ್ಲಿದ್ದದ್ದು ಕಾಂಕ್ರೀಟಿನ ತುಂಡು. ಎದುರಿಗೆ ಏಳುತ್ತಿದ್ದ ಅಪಾರ್ಟ್‌ಮೆಂಟಿನಿಂದ ಬೀದಿಗೆ ಉರುಳಿ ಬಂದದ್ದು. ಆಂಬುಲೆನ್ಸಿನೊಳಗೆ ಅವಳ ಗಂಡ ಮಧ್ವರಾಜ ಬಿಳಿ ಬಟ್ಟೆಯಲ್ಲಿ ಮಲಗಿದ್ದ. ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ.

"ಅತ್ತಿಗೆ, ಬಿಡಿ," ಎಂದ ಮೈದುನ ಪ್ರವೀಣ್. "ಸೀದಾ ಸುಡುಗಾಡಿಗೆ ಹೋಗುವ. ಆಸ್ಪತ್ರೆಯವರು ಮೈ ಒರೆಸಿಯೇ ಕೊಟ್ಟಿದ್ದಾರಲ್ಲ."

"ಒರೆಸಲಿಕ್ಕೆ ನಿನ್ನ ಅಣ್ಣನೇನು ಹೋಟೆಲಿನ ಟೇಬಲಾ?"

ಮನೆಯ ಮಾಲೀಕ ಇಳಂಗೋ ಪಕ್ಕದಲ್ಲೇ ಬೈಕಿಗೆ ಒರಗಿ ನಿಂತಿದ್ದ. ಎಲ್ಲರೂ ಆಸ್ಪತ್ರೆಯಲ್ಲಿದ್ದಾಗ ಬಂದು ಬೀಗ ಜಡಿದವನು ಅವನೇ.

"ಅಕ್ಕಾ, ನಾನು ಕೆಟ್ಟವನಲ್ಲ," ಎಂದು ತಮಿಳಿನಲ್ಲಿ ಹೇಳಿದ. "ತಿಂಗಳ ಕೊನೆಗೆ ನೀವು ಖಾಲಿ ಮಾಡ್ತೀರಿ. ಹೊಸ ಪಾರ್ಟಿ ಈಗಲೇ ಮನೆ ನೋಡಲು ಬರ್ತಾರೆ. ಹೆಣ ಇಳಿಸಿದ ಮನೆ ಅಂದ್ರೆ ಯಾರು ಒಪ್ತಾರೆ? ಆಸ್ಪತ್ರೆಯಲ್ಲಿ ಹೋದವರು ಅಲ್ಲಿಂದಲೇ ಹೋಗಲಿ."

"ನಾವು ಖಾಲಿ ಮಾಡುವುದಲ್ಲ, ನೀನು ಮಾಡಿಸುವುದು," ತುಂಗಾಳೂ ತಮಿಳಿನಲ್ಲೇ ಅಂದಳು. "ಬಾಡಿಗೆ ದುಪ್ಪಟ್ಟು ಮಾಡಿದವ ಯಾರು?"

"ಮಾಧವರಂ ಈಗ ಹಳ್ಳಿಯಲ್ಲ ಅಕ್ಕಾ. ಪೇಟೆಯ ನಡುವೆ ಟಿ. ನಗರದಲ್ಲಿ ಇರಲು ಆಗದವರೆಲ್ಲ ಇಲ್ಲಿಗೇ ಬರುವುದು. ಕೇಳಿದಷ್ಟು ಕೊಡ್ತಾರೆ."

ತುಂಗಾ ಇನ್ನೊಂದು ಏಟು ಹಾಕಿದಳು.

*

ಮದುವೆಯಾಗಿ ತುಂಗಾ ಬಂದಾಗ ಮಾಧವರಂ ಹಳ್ಳಿಯೇ ಆಗಿತ್ತು. ಎಮ್ಮೆಗಳು ರಸ್ತೆ ದಾಟಿದ ಮೇಲೆ ಬಸ್ಸು ಹೋಗಬೇಕು. ಕೋಯಂಬೇಡಿನ ಹೋಟೆಲಿನಲ್ಲಿ ಸಾಂಬಾರು ಮಾಡುತ್ತಿದ್ದ ಮಧ್ವರಾಜನ ಸಂಬಳಕ್ಕೆ ಅಷ್ಟು ದೂರ ಬಂದರೇ ಮನೆ ಸಿಗುತ್ತಿದ್ದದ್ದು. ಅಲ್ಲಿಯ ತನಕ ಅವನು ಹೋಟೆಲಿನ ಅಟ್ಟದಲ್ಲಿ ಮೈದಾ ಚೀಲಗಳ ಮೇಲೆ ಮಲಗಿದವ. ಮನೆ ಹೊಕ್ಕ ದಿನ ಬಾಗಿಲು ಹಾಕುತ್ತಾ ತೆಗೆಯುತ್ತಾ ನಿಂತುಬಿಟ್ಟಿದ್ದ.

"ಎಂತ, ಬಾಗಿಲು ಕಂಡವರಲ್ಲವಾ ನೀವು?"

"ಕಂಡಿದ್ದೇನೆ ಮಾರಾಯ್ತಿ. ಚಿಲಕ ಒಳಗಿಂದ ಹಾಕಿದ್ದಿಲ್ಲ."

ಅಟ್ಟದಲ್ಲಿ ಅವನ ಪಕ್ಕ ಮಲಗುತ್ತಿದ್ದ ದೋಸೆಯ ಶೀನ ಸತ್ತಾಗ, ಮನೆಯಿಲ್ಲದ ಹೆಣ ಎಂದು ಆಸ್ಪತ್ರೆಯ ಹಿಂದೆ ವ್ಯಾನ್ ತೊಳೆಯುವ ಪೈಪಿನಲ್ಲೇ ಮೀಯಿಸಿ ಕಳಿಸಿದ್ದರು. ಆ ದಿನ ಮಧ್ವರಾಜ ಊಟ ಮಾಡಲಿಲ್ಲ.

"ತಣ್ಣೀರು ತುಂಗಾ. ಇಡೀ ಜನ್ಮ ಬೆಂಕಿಯ ಮುಂದೆ ನಿಂತವನಿಗೆ ತಣ್ಣೀರು ಹೊಯ್ದರು. ನನಗೆ ನೀನು ಬಿಸಿನೀರು ಕಾಯಿಸಬೇಕು. ಮನೆಯ ಒಳಗೇ ಮೀಯಿಸಬೇಕು."

ಬಾಡಿಗೆ ಏರಿದಾಗಲೆಲ್ಲ "ಅವರಿಗೂ ಕಷ್ಟ ಉಂಟಲ್ಲ" ಎಂದು ತಲೆಯಾಡಿಸಿದ ಮನುಷ್ಯ. ಹೆಂಡತಿಯ ಹತ್ತಿರ ಬಾಯಿಬಿಟ್ಟು ಕೇಳಿದ್ದು ಇದೊಂದೇ.

*

ಮನೆ ನೋಡಲು ಆಟೋದಿಂದ ಇಳಿದವರು ಬೆಳ್ಳಗಿನ ಪಂಚೆಯ ಹಿರಿಯರೊಬ್ಬರು. ಇಳಂಗೋ ಓಡಿ ಹೋಗಿ ಅವರ ಮುಂದೆ ನಿಂತ.

"ಬದರಿನಾಥ್ ಸಾರ್, ಗಾಬರಿ ಬೇಡ. ಹೆಣ ಒಳಗೆ ಹೋಗಿಲ್ಲ. ಈ ಮನೆಯಲ್ಲಿ ಇವತ್ತಿನ ತನಕ ಒಂದು ಹೆಣವೂ ಮಲಗಿಲ್ಲ."

ತುಂಗಾಳ ಕೈ ನಿಂತಿತು.

"ಒಂದೂ ಇಲ್ಲವಾ ಇಳಂಗೋ? ನಿನ್ನ ಅಮ್ಮ ಮರಗದಮ್ಮ ಎಲ್ಲಿ ಮಲಗಿದ್ದು? ನಿನ್ನ ಫ್ಲ್ಯಾಟಿನವರು ಲಿಫ್ಟಿನಲ್ಲಿ ಹೆಣ ತರಬೇಡ ಅಂದಾಗ ಅವರನ್ನು ಎತ್ತಿಕೊಂಡು ಎಲ್ಲಿಗೆ ಬಂದೆ? ನಮ್ಮ ನಡುಮನೆಗೆ. ನಮ್ಮ ಮಂಚ ಹೊರಗೆ ಹಾಕಿ ಜಾಗ ಮಾಡಿದವರು ಯಾರು? ಅಗೋ, ವ್ಯಾನಿನಲ್ಲಿ ಇದ್ದಾರೆ. ಕೇಳು ಅವರನ್ನೇ."

ಇಳಂಗೋ ಬೈಕಿನ ಕನ್ನಡಿ ತಿರುಗಿಸಿದ. ಮತ್ತೆ ಇದ್ದ ಹಾಗೇ ಇಟ್ಟ.

"ಅದು ನಮ್ಮ ಮನೆ ಅಕ್ಕಾ. ನಮ್ಮ ಅಮ್ಮ."

"ಆ ತಿಂಗಳ ಬಾಡಿಗೆಯೂ ನಾವೇ ಕೊಟ್ಟದ್ದು."

ಆಂಬುಲೆನ್ಸಿನ ಡ್ರೈವರ್ ನಕ್ಕುಬಿಟ್ಟ. ಆಮೇಲೆ ಕೆಮ್ಮಿದ.

ತುಂಗಾ ಮೈದುನನಿಗೆ ಕನ್ನಡದಲ್ಲಿ "ವ್ಯಾನಿನ ಹಿಂದಿನ ಬಾಗಿಲು ತೆಗೆಸು" ಎಂದದ್ದು ಕೇಳಿ ಬದರಿನಾಥರು ಹತ್ತಿರ ಬಂದರು.

"ನೀವು ಕನ್ನಡದವರಾ? ನಾವೂ ಕನ್ನಡಾನೇ ಅಮ್ಮಾ. ಟಿ. ನಗರದಲ್ಲೇ ಹುಟ್ಟಿ ಬೆಳೆದೋನು ನಾನು. ಈಗ ಅಲ್ಲಿ ಬಾಡಿಗೆ ತಾಳಕ್ಕೆ ಆಗ್ತಾ ಇಲ್ಲ. ಅದಕ್ಕೇ ಇಷ್ಟು ದೂರ." ವ್ಯಾನಿನ ಕಡೆ ನೋಡಿ ಕೈಮುಗಿದರು. "ಪರವಾಯಿಲ್ಲ, ಒಳಗೆ ಕರ್ಕೊಂಡು ಹೋಗಿ. ನನಗೇನೂ ಅಬ್ಜೆಕ್ಷನ್ ಇಲ್ಲ. ಪುಣ್ಯಾಹ ಮಾಡಿಸ್ಕೊಂಡು ನಾವು ಮುಂದಿನ ತಿಂಗಳು ಬರ್ತೀವಿ." ಇಳಂಗೋವಿನ ಕಡೆ ತಿರುಗಿ ಅದನ್ನೇ ತಮಿಳಿನಲ್ಲಿ ಹೇಳಿದರು.

ಇಳಂಗೋ ಉಸಿರುಬಿಟ್ಟು ಜೇಬಿಗೆ ಕೈ ಹಾಕಿ ಕೀ ತೆಗೆದ.

"ಜೇಬಿನಲ್ಲೇ ಇಟ್ಟುಕೋ ಅದನ್ನು," ಎಂದಳು ತುಂಗಾ. ಬದರಿನಾಥರಿಗೆ ಕನ್ನಡದಲ್ಲಿ, "ನಿಮ್ಮ ಒಪ್ಪಿಗೆ ಯಾರು ಕೇಳಿದ್ದು ಮಾರಾಯ್ರೆ? ನೀವು ಬರುವುದು ಮುಂದಿನ ತಿಂಗಳು. ಈ ತಿಂಗಳು ಇದು ಇವರ ಮನೆ."

ಅವಳು ಮತ್ತೆ ಏಟು ಹಾಕಿದಳು. ಬೀಗ ಜಗ್ಗಲಿಲ್ಲ. ಅಂಗೈಯ ಚರ್ಮ ಕಿತ್ತು ರಕ್ತ ಬಂತು. ವ್ಯಾನಿನ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ ಪ್ರವೀಣ್ ಮುಂದೆ ಬಂದ.

"ಅತ್ತಿಗೆ, ಕೊಡಿ ಇಲ್ಲಿ. ನಿಮ್ಮ ಏಟು ಸಾಲುವುದಿಲ್ಲ."

ಅವನ ಮೂರು ಏಟಿಗೆ ಕೊಂಡಿಯೇ ಕಿತ್ತು ಬಂತು.

ಹೆಣವನ್ನು ನಡುಮನೆಯಲ್ಲಿ ತೆಂಕಕ್ಕೆ ತಲೆಯಿಟ್ಟು ಮಲಗಿಸಿದರು. ಹಿತ್ತಿಲಿನಲ್ಲಿ ಮೀಯಿಸುವುದು ಸುಲಭ, ನೀರು ಹೋಗಲಿಕ್ಕೆ ಜಾಗ ಉಂಟು ಎಂದ ಪ್ರವೀಣ್. ತುಂಗಾ ಗ್ಯಾಸಿನ ಎರಡೂ ಒಲೆ ಹಚ್ಚಿದಳು. ಮೊದಲ ಹಂಡೆಯ ನೀರಿಗೆ ಕೈ ಅದ್ದಿ ನೋಡಿ, ಇನ್ನೂ ಕಾಯಲಿ ಎಂದಳು.

ಬೀದಿಯಲ್ಲಿ ಬದರಿನಾಥರು ಹೋಗಲೂ ಆಗದೆ, ಒಳಗೆ ಬರಲೂ ಆಗದೆ ನಿಂತಿದ್ದರು. ಒಳಗೆ ಚೊಂಬಿನ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ನೀರು ಹೊಸ್ತಿಲು ದಾಟಿತು, ಮೆಟ್ಟಿಲು ಇಳಿಯಿತು, ಬೀದಿಗೆ ಬಂತು. ಇಳಂಗೋ ಬೈಕನ್ನು ದೂರಕ್ಕೆ ತಳ್ಳಿಕೊಂಡು ಹೋದ. ಬದರಿನಾಥರು ಒಂದು ಕಾಲು ಎತ್ತಿದರು. ಎತ್ತಿದ್ದನ್ನು ಇಡಲಿಕ್ಕೆ ಒಣ ಜಾಗ ಹುಡುಕಿದರು, ಸಿಗಲಿಲ್ಲ. ಮೆಲ್ಲಗೆ ಆ ನೀರಿನಲ್ಲೇ ಇಟ್ಟರು. ಅವರ ಚಪ್ಪಲಿಯ ಸುತ್ತ ಇನ್ನೂ ಹಬೆ ಏಳುತ್ತಿತ್ತು.